ಬಾಗಿಲಿಗೆ ಅಂಟಿಸಿದ ನೋಟೀಸು

"ಆ ಜಾಗದಲ್ಲಿ ಯಾರೂ ವಾಸವಿಲ್ಲ ಮೇಡಂ. ಇದ್ದಿದ್ರೆ ಮನೆಗೊಂದು ಬಾಗಿಲಾದ್ರೂ ಇರ್ತಿತ್ತಲ್ಲ? ಅದಕ್ಕೇ ಸ್ವಾಧೀನ ಪತ್ರ ರದ್ದು ಮಾಡಿದ್ವಿ," ಎಂದು ಮೇಲ್ಮನವಿ ಕೇಳುತ್ತಿದ್ದ ಹಿರಿಯ ಅಧಿಕಾರಿಗೆ ಹೇಳಿದ ಜಮೀನು ಕಚೇರಿಯ ಅಧಿಕಾರಿ, ಕನ್ನಡಕ ಒರೆಸಿಕೊಳ್ಳುತ್ತಾ.

ಬಡಗಿಯ ಹೆಂಡತಿ ಮೇಜಿನ ಈಚೆ ಗಂಡನ ಪಕ್ಕ ನಿಂತು ಇದನ್ನು ಕೇಳಿಸಿಕೊಂಡಳು. ಜಾಗ ತಮ್ಮದೆನ್ನುವ ಆ ಪತ್ರ ಹೋದರೆ ಗೋಡೆಗಳ ಜೊತೆಗೆ ಕಾಲಡಿಯ ಮಣ್ಣೂ ಹೋದಂತೆಯೇ. ಬಾಗಿಲಿಲ್ಲ ಅನ್ನುವುದೇನೋ ನಿಜ. ಊರಿಗೆಲ್ಲ ಬಾಗಿಲು ಕೂರಿಸುವ ಗಂಡ ಸ್ವಂತ ಮನೆಗೆ ಗೋಣಿತಾಟು ಇಳಿಬಿಟ್ಟಿದ್ದ. ಮನೆಗೆಂದು ಮಾಡಿದ್ದನ್ನೂ ಪ್ರತಿ ಸಲ ಯಾರೋ ಗಿರಾಕಿ ಹೊತ್ತೊಯ್ಯುತ್ತಿದ್ದರು. ಅವಳು ಬೈದು ಬೈದು ಸೋತಿದ್ದಳು. ಈಗ ದುರುಗುಟ್ಟಿ ನೋಡಿದರೆ, ಅವನು ತನ್ನ ಕಾಲುಗುರುಗಳನ್ನೇ ನೋಡುತ್ತಿದ್ದ.

ಹಿರಿಯ ಅಧಿಕಾರಿ ತಲೆಯೆತ್ತಿದರು. "ರದ್ದು ಮಾಡೋ ಮುಂಚೆ ಇವರನ್ನ ಒಂದು ಮಾತು ಕೇಳಿದ್ರಾ?"

"ಕೇಳದೆ ಇರ್ತೀವಾ ಮೇಡಂ? ನಾನೇ ಹೋಗಿ ತಟ್ಟಿದೆ. ಯಾರೂ ತೆಗೀಲಿಲ್ಲ. ನೋಟೀಸನ್ನ ಬಾಗಿಲಿಗೆ ಅಂಟಿಸಿ ಬಂದೆ."

ದೊಡ್ಡವರ ಮುಂದೆ ಬಾಯಿಬಿಟ್ಟರೆ ಎಲ್ಲಿ ಕೆಲಸ ಕೆಡುತ್ತದೋ ಎಂದು ದಾರಿಯುದ್ದಕ್ಕೂ ಅಳುಕಿದ್ದವಳು ಬಡಗಿಯ ಹೆಂಡತಿ. ಈಗ ತಡೆಯಲಾಗಲಿಲ್ಲ.

"ಯಾವ ಬಾಗಿಲಿಗೆ ಸ್ವಾಮಿ?"

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು.

"ಬಾಗಿಲೇ ಇಲ್ಲ ಅಂತ ಈಗ ತಾನೇ ನೀವೇ ಅಂದ್ರಿ. ಮದುವೆ ಆದಾಗಿಂದ ಒಂದು ಬಾಗಿಲಿಗೆ ಇವರ ಪ್ರಾಣ ತಿಂತಿದೀನಿ, ನನಗೇ ಸಿಕ್ಕಿಲ್ಲ. ನಿಮಗೆ ಸಿಕ್ಕಿದ್ದು ಎಲ್ಲಿದೆ ಹೇಳಿ, ಇವತ್ತೇ ಹೊತ್ಕೊಂಡು ಹೋಗ್ತೀನಿ!"

ಮೂಲೆಯ ಟೈಪಿಸ್ಟ್ ಕೆಮ್ಮಿನಲ್ಲಿ ನಗು ಅಡಗಿಸಿಕೊಂಡಳು. ಹಿರಿಯ ಅಧಿಕಾರಿ ನಗಲಿಲ್ಲ. "ಇವರ ಮಾತು ಕೇಳದೆ ಮಾಡಿದ ಆದೇಶ ನಿಲ್ಲಲ್ಲ. ಪತ್ರ ಇವರದ್ದೇ. ಇನ್ನೂ ಅನುಮಾನ ಇದ್ರೆ ನೀವೇ ಇವರ ಮನೆಗೆ ಹೋಗಿ, ನೋಟೀಸ್ ಕೈಗೆ ಕೊಟ್ಟು, ಕೂತು ಕೇಳಿ."

ಹೊರಗೆ ಬಂದದ್ದೇ ಬಡಗಿ ಪಿಸುಗುಟ್ಟಿದ, "ನಾಳೆನೇ ಬಾಗಿಲು ಮಾಡ್ತೀನಿ ಕಣೇ."

"ಈಗ ಉಳಿ ಮುಟ್ಟಿದ್ರೆ ನೋಡಿ ಮತ್ತೆ! ಅವರು ಬಂದು ಹೋಗ್ಲಿ."

ಆ ವಾರವೇ ಅಧಿಕಾರಿ ಬಂದ. ಗೋಣಿತಾಟಿನ ಮುಂದೆ ನಿಂತು ಕೈಯೆತ್ತಿದ. ತಟ್ಟಲು ಏನೂ ಸಿಗದೆ ಕೈ ಗಾಳಿಯಲ್ಲೇ ಉಳಿಯಿತು. ಕೊನೆಗೆ ಗಂಟಲು ಸರಿಮಾಡಿಕೊಂಡು ಕೂಗಿದ, "ಅಮ್ಮಾ... ಮನೇಲಿ ಇದೀರಾ?"

ಒಲೆಯ ಮುಂದಿದ್ದವಳು ಆತುರಪಡಲಿಲ್ಲ. ಇನ್ನೊಮ್ಮೆ ಕೂಗಲೆಂದು ಕಾದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ ಅಂದಳು:

"ಇದೀವಿ!"