ಅಸ್ತು ದೇವತೆಗಳು

ಮಾವ ತೀರಿಕೊಂಡರೆಂಬ ಸುದ್ದಿ ಆಸ್ಪತ್ರೆಯಿಂದ ಬಂದ ದಿನ ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಸೊಸೆಗೆ ತವರಿನಲ್ಲಿ ತಾಯಿ ಇರಲಿಲ್ಲ. ಅತ್ತೆ ಕಣ್ಣು ಒರೆಸಿಕೊಂಡು ಬಾಣಂತನ ಮುಂದುವರಿಸಿದರು.

ಸೂತಕ ಕಳೆದ ಮೇಲೆ ಮಗುವಿನ ಅಳು ಹೆಚ್ಚಾಯಿತು. ದೀಪ ಹಚ್ಚುವ ಹೊತ್ತಿಗೆ ಕಾಲು ಮಡಚಿಕೊಂಡು ಅಳತೊಡಗಿದರೆ ಏನು ಮಾಡಿದರೂ ನಿಲ್ಲಿಸುತ್ತಿರಲಿಲ್ಲ. ದೃಷ್ಟಿ ತೆಗೆದದ್ದಾಯಿತು. ಡಾಕ್ಟರು, “ಹೊಟ್ಟೆನೋವು, ತಾನಾಗಿ ಹೋಗುತ್ತೆ” ಎಂದರು.

ಒಂದು ಸಂಜೆ ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದಾಗ ಸೊಸೆ ಬಂದು, ಅಳುವ ಮಗುವನ್ನು ಅವರ ಮಡಿಲಲ್ಲಿಟ್ಟು ದೂರ ಸರಿದು ನಿಂತಳು.

“ನೀವೇ ಇಟ್ಕೊಳ್ಳಿ ಅತ್ತೆ. ನಾನಿನ್ನು ಮುಟ್ಟಲ್ಲ.”

“ಯಾಕಮ್ಮಾ, ಏನಾಯ್ತು?”

“ತಡೀಲಾರದೆ, ‘ಸತ್ತಾದ್ರೂ ಹೋಗಬಾರದಾ’ ಅಂದ್ಬಿಟ್ಟೆ.”

“ಯಾರಿಗೆ?”

“ಕೂಸಿಗೆ.” ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಮುಸ್ಸಂಜೇಲಿ ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಕೆಟ್ಟ ಮಾತಾಡಿದ್ರೆ ಅಸ್ತು ಅಂದ್ಬಿಡ್ತಾರೆ ಅಂತ ನೀವೇ ಹೇಳಿದ್ರಿ. ನಾನೂ ಒಬ್ಬಳು ತಾಯಿನಾ?”

ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರು.

“ಹೋಗು, ಬಾಗಿಲು ಹಾಕ್ಕೊಂಡು ಮಲಗು.”

ಸೊಸೆ ಕದಲಲಿಲ್ಲ.

ಅತ್ತೆ ದೇವರ ಕಡೆ ತಿರುಗಿ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ ಬೇಡಿಕೊಂಡರು:

“ಸ್ವಾಮಿ, ಮುಸ್ಸಂಜೆ ಹೊತ್ತಲ್ಲೇ ನಾನು ದಿನಾ ಇದೇ ಮಾತು ಅಂದ್ರೂ ಎಂಬತ್ತು ವರ್ಷ ಗುಂಡುಕಲ್ಲಿನ ಹಾಗೆ ಬದುಕಿದ್ದ ನಮ್ಮ ಯಜಮಾನ್ರ ಆತ್ಮಕ್ಕೆ ಶಾಂತಿ ಕೊಡಪ್ಪಾ.”