ಡಬ್ಬಪ್ಪನಿಗೆ ತಿಳಿಯುವ ಮಾತು

ಹಾರ ಹಿಡಿದು ಗಡಗಡ ಬರುತ್ತಿದ್ದ ಡಬ್ಬಪ್ಪ, ಆದೋನಿಯ ಶಾಲೆ ನೋಡಲು ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬರ ಕುರ್ಚಿ ಇನ್ನೊಂದು ಮೊಳ ಇದೆ ಎನ್ನುವಾಗ ಗಕ್ಕನೆ ನಿಂತುಬಿಟ್ಟ. ಸಾಹೇಬರು ಆಗಲೇ ಕೊರಳು ಬಗ್ಗಿಸಿದ್ದರು. ಹಾರ ಹಾಕಿಸಲೇ ಎಂದು ವಿಜ್ಞಾನದ ಟೀಚರ್ ಕಾವೇರಿಬಾಯಿ ತೆಲುಗಿನಲ್ಲಿ ಕೇಳಿದ್ದಕ್ಕೆ, ಖುಷಿಯಲ್ಲಿ ಸಾಹೇಬರ ಬಾಯಿಗೆ ಮನೆಮಾತು ಕನ್ನಡ ಬಂದಿತ್ತು.

"ಆಗಲಿ, ಆಗಲಿ" ಎಂದಿದ್ದರು. ಅಷ್ಟಕ್ಕೇ ಡಬ್ಬಪ್ಪ ನಿಂತದ್ದು. ಕೊರಳು ಎತ್ತದೆಯೇ ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಆಗಲಿ!" ಎಂದರು. ಊಹೂಂ. ಪರದೆಯ ಹಿಂದಿನಿಂದ ಸ್ವಿಚ್ಚನ್ನು ಮತ್ತಷ್ಟು ಗಟ್ಟಿಯಾಗಿ ಒತ್ತಿದ ಟಕ್ ಎಂಬ ಸದ್ದು ಮಾತ್ರ ಬಂತು.

ಡಬ್ಬಪ್ಪನ ಹೊಟ್ಟೆ ಶೇಂಗಾ ಎಣ್ಣೆಯ ಡಬ್ಬ, ತಲೆ ವನಸ್ಪತಿ ಡಬ್ಬಿ, ಕಾಲು ಯಾರದೋ ಮನೆಯ ಕೂಸು ನಡೆಯಲು ಕಲಿತ ಮೂರುಗಾಲಿ ಬಂಡಿ. ಅವನನ್ನು ಓಡಿಸುತ್ತಿದ್ದುದು ಹಳೆಯ ಲಾರಿಯೊಂದರ ವೈಪರ್ ಮೋಟಾರು. ಕಾವೇರಿಬಾಯಿ ಇಬ್ಬರೇ ಮಕ್ಕಳನ್ನು ಇಟ್ಟುಕೊಂಡು ಶುರುಮಾಡಿದ ತಂಡವೇ ಅವನನ್ನು ಕಟ್ಟಿದ್ದು. ಆ ತಂಡ ಈಗ ಕೋಣೆ ತುಂಬ ಆಗಿತ್ತು, ಅರ್ಧ ಕನ್ನಡ ಮೀಡಿಯಂ, ಅರ್ಧ ತೆಲುಗು ಮೀಡಿಯಂ. ಹೆಸರಿಡುವಾಗಲೇ ಜಗಳ ಹತ್ತಿತ್ತು. ತೆಲುಗಿನಲ್ಲಿ ಮರ ಎಂದರೆ ಯಂತ್ರ. ಆ ಮಕ್ಕಳು 'ಮರಮನಿಷಿ' ಎಂದರು. "ತಗಡಿನಾಂವಗ ಮರ ಯಾಕ?" ಎಂದು ಕನ್ನಡದವರು ಬಿದ್ದು ಬಿದ್ದು ನಕ್ಕರು. ಕೊನೆಗೆ ಡಬ್ಬಪ್ಪ ಎಂದು ರಾಜಿಯಾಯಿತು. ಹೆಡ್‌ಮಾಸ್ತರಿಗೆ ಮಾತ್ರ ಈ ಕೂಡಾವಳಿ ಮೊದಲಿಂದಲೂ ಸೇರದು. ಸಾಹೇಬರ ಮುಂದೆ ಏನಾದರೂ ಎಡವಟ್ಟಾದರೆ ತಂಡವನ್ನು ಎರಡು ಮಾಡುವುದೇ ಸೈ ಎಂದು ಹೇಳಿಟ್ಟಿದ್ದರು.

"ನಾ ಹೇಳಿದ್ದಿಲ್ಲೇನ್ರಿ ಕಾವೇರಿಬಾಯಿ?" ಹೆಡ್‌ಮಾಸ್ತರು ಎದ್ದೇಬಿಟ್ಟರು. "ಸ್ವಿಚ್ ಹಿಡಿದಾಂವ ಆ ಶ್ರೀರಾಮುಲುನ ಇರಬೇಕು. ಗುಂಟೂರು ಕಡಿಯಿಂದ ಮೊನ್ನಿ ಬಂದ ಹುಡುಗ. ಸಾಹೇಬ್ರು ಕನ್ನಡದಾಗ ಅಂದ್ರ ಅವಗೇನು ತಿಳೀತೈತಿ? 'ಆಗಾಲಿ' ಅಂದ್ರ ತೆಲುಗಿನಾಗ ನಿಂದರಬೇಕು ಅಂತ. ನಿಂದರಿಸ್ಯಾನ! ನಾಳೇನ ಆ ಕೋಣಿ ನಡುವ ತಡಿಕಿ ಹಾಕಸ್ತೀನಿ. ಆ ಕಡಿ ಅವರು, ಈ ಕಡಿ ಇವರು."

"ಸರ್, ಒಂದ್ ನಿಮಿಷ..." ಎಂದು ಕಾವೇರಿಬಾಯಿ ಹೇಳುವಷ್ಟರಲ್ಲಿ ಅವರು ಹೋಗಿ ಪರದೆಯನ್ನು ಸರ್ರೆಂದು ಎಳೆದರು.

ಸ್ವಿಚ್ಚಿನ ಪೆಟ್ಟಿಗೆ ಇದ್ದದ್ದು ಗಾದಿಲಿಂಗಮ್ಮನ ತೊಡೆಯ ಮೇಲೆ. ಪೆದ್ದಕಡುಬೂರಿನ ಕುರಿ ಸಾಕುವವರ ಮನೆಯ ಹುಡುಗಿ, ಅಪ್ಪಟ ಕನ್ನಡ ಮೀಡಿಯಂ. ಬೆಳಗಿನಿಂದ ತೆಲುಗು ಭಾಷಣ ಕೇಳಿ ಕೇಳಿ ಅವಳ ಕಿವಿ ತೆಲುಗಿಗೆ ಹೊಂದಿಕೊಂಡುಬಿಟ್ಟಿತ್ತು. ಪಕ್ಕದಲ್ಲಿ ಶ್ರೀರಾಮುಲು ಪೆಟ್ಟಿಗೆ ಕಸಿಯಲು ಗುದ್ದಾಡುತ್ತಿದ್ದ. ಪರದೆ ಸರಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಕನ್ನಡದಾಗ ಅಂದಾರ, ಕನ್ನಡದಾಗ!" ಶ್ರೀರಾಮುಲು ತಂಡದಲ್ಲಿ ಕಲಿತ ಕನ್ನಡದಲ್ಲೇ ಹಲ್ಲು ಕಚ್ಚಿ ಹೇಳುತ್ತಿದ್ದ. "ಹಾರ ಹಾಕ್ಲಿ ಅಂತಾರ, ನಡಸು!"

"ಆಗಾಲಿ ಅನ್ನಾರು ಕದಾ!" ಗಾದಿಲಿಂಗಮ್ಮ ಪೆಟ್ಟಿಗೆ ಬಿಡದೆ ತೆಲುಗಿನಲ್ಲೇ ತಿರುಗಿ ಬಿದ್ದಳು. "ನಾ ಚೆವುಲತೋ ವಿನ್ನಾನು!" ನಿಲ್ಲಬೇಕು ಅಂದರಲ್ಲ, ನನ್ನ ಕಿವಿಯಾರೆ ಕೇಳಿದ್ದೇನೆ ಎಂದು ಅವಳ ವಾದ.

ಹೆಡ್‌ಮಾಸ್ತರ ಕೈ ಪರದೆಯ ಮೇಲೇ ಉಳಿಯಿತು. ಸಾಹೇಬರು ಈಗ ಕೊರಳೆತ್ತಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ತೆಲುಗಿನಾಂವ ಕನ್ನಡದಾಗ ಬೈತಾನ, ಕನ್ನಡದಾಕಿ ತೆಲುಗಿನಾಗ ಉತ್ತರ ಕೊಡ್ತಾಳ! ನಿಮ್ಮ ತಡಿಕಿ ಎಲ್ಲಿ ಹಾಕಸ್ತೀರಿ ಹೆಡ್‌ಮಾಸ್ತರ್ರ? ಇವರಿಬ್ಬರ ನಡುವನೋ, ಒಬ್ಬೊಬ್ಬರ ತಲಿ ಒಳಗನೋ?"

ಹೆಡ್‌ಮಾಸ್ತರು ಪರದೆ ಬಿಟ್ಟು ಬಂದು ಕೂತರು. ಸಾಹೇಬರು ಈ ಸಲ ಮಾತಿನ ಗೊಡವೆಗೇ ಹೋಗದೆ ಕೈಸನ್ನೆ ಮಾಡಿ ಕೊರಳು ಬಗ್ಗಿಸಿದರು. ಡಬ್ಬಪ್ಪ ಉಳಿದ ಒಂದು ಮೊಳ ಬಂದು ಹಾರ ಹಾಕಿದ. ತುಸು ಓರೆಯಾಗಿ ಬಿತ್ತು, ಆದರೂ ಬಿತ್ತಲ್ಲ! ಮಕ್ಕಳ ಚಪ್ಪಾಳೆಗೆ ಶಾಲೆಯ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ಕಾವೇರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದು ಸಂಜೆಯೇ ತಂಡ ಕೂತು ಒಂದು ತೀರ್ಮಾನಕ್ಕೆ ಬಂತು. ಡಬ್ಬಪ್ಪನಿಗೆ ಕನ್ನಡವೂ ಬೇಡ, ತೆಲುಗೂ ಬೇಡ. ಆದೋನಿಯ ಜಟಕಾದವರು ಕುದುರೆಗೆ ಹೇಳುವ ಉರ್ದು ಮಾತು ಯಾರಿಗೆ ಗೊತ್ತಿಲ್ಲ? ನಡೆ ಎನ್ನಲು 'ಚಲ್', ನಿಲ್ಲು ಎನ್ನಲು 'ಠೈರ್'. ಗಾದಿಲಿಂಗಮ್ಮ ಎರಡು ಸ್ವಿಚ್ಚುಗಳ ಮೇಲೆ ಬಣ್ಣದಲ್ಲಿ ಬರೆದೂಬಿಟ್ಟಳು. ಶ್ರೀರಾಮುಲು ದಿನವೂ ವರಾಂಡದಲ್ಲಿ ಡಬ್ಬಪ್ಪನನ್ನು ಓಡಿಸುತ್ತ "ಚಲ್! ಠೈರ್!" ಎಂದು ಕೂಗಿದ್ದೇ ಕೂಗಿದ್ದು. ಸುದ್ದಿ ಶಾಲೆಯ ಆಚೆ ತುದಿಯ ಉರ್ದು ಮೀಡಿಯಂ ತರಗತಿಗೂ ಮುಟ್ಟಿತು.

ಶನಿವಾರ ಬೆಲ್ಲು ಬಾರಿಸಿದ ಮೇಲೆ ಅಲ್ಲಿಂದ ಖಾಸಿಂಬಿ ಎಂಬ ಹುಡುಗಿ ಗೆಳತಿಯರ ದಂಡು ಕಟ್ಟಿಕೊಂಡು ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಸೊಂಟದ ಮೇಲೆ ಕೈ ಇಟ್ಟು ತೆಲುಗಿನಲ್ಲಿ ಕೇಳಿದಳು.

"ಮಾ ಮಾಟ ಕಾವಾಲಿ, ಮೇಮು ವದ್ದಾ ಟೀಚರ್?"

ನಮ್ಮ ಮಾತು ಬೇಕು, ನಾವು ಬೇಡವೇ! ಕಾವೇರಿಬಾಯಿ ಕೋಣೆಯನ್ನು ನೋಡಿದರು. ಕಾಲಿಡಲು ಜಾಗವಿರಲಿಲ್ಲ. ಆದರೂ ಅವರ ಮುಖ ಅರಳಿತು.

"ಆಗಲಿ, ಆಗಲಿ!" ಎಂದರು.

ಹೊಸ್ತಿಲು ದಾಟಲು ಎತ್ತಿದ್ದ ಖಾಸಿಂಬಿಯ ಕಾಲು ಅಲ್ಲೇ ನಿಂತುಬಿಟ್ಟಿತು. ಒಳಗಿನಿಂದ ಗಾದಿಲಿಂಗಮ್ಮ, ಶ್ರೀರಾಮುಲು ಒಟ್ಟಿಗೇ ಕೂಗಿದರು:

"ಚಲ್!"