ಒಂಬತ್ತು ಕೊರಡು

"ಈ ಸೌದೆ ಎಲ್ಲಿಂದ ತಂದಿದ್ದು, ಯಜಮಾನ್ರೇ?" ಸರೋವರದ ದಡದ ಕ್ಯಾಂಪಿನ ಉಸ್ತುವಾರಿ ನೋಡುತ್ತಿದ್ದ ಮಾರ್ಲಿಸ್ ಗಾಡಿಯ ಹಿಂಭಾಗಕ್ಕೆ ಇಣುಕಿ ಕೇಳಿದಳು.

"ಇಲ್ಲೇ, ಹತ್ತಿರದ ಅಂಗಡೀಲಿ," ಎಂದು ವರ್ನನ್ ಥಟ್ಟನೆ ಸುಳ್ಳು ಬಿಟ್ಟ.

ಆಕೆ ಒಂದು ಕೊರಡನ್ನು ತಿರುಗಿಸಿದಳು. ಗರಗಸದಿಂದ ಕೊಯ್ದ ತುದಿಯ ಮೇಲೆ ನಡುಗುವ ಕೈಬರಹದಲ್ಲಿ 'ಬಿಗ್ ಸ್ಟೋನ್' ಎಂದಿತ್ತು. ಇನ್ನೊಂದರ ಮೇಲೆ 'ಟ್ರಾವರ್ಸ್'. "ಅಂಗಡಿಯವ್ರು ಈಗ ಸೌದೆಗೂ ನಾಮಕರಣ ಮಾಡ್ತಾರಾ?"

ವರ್ನನ್‌ನ ಭಾವ, ಗಾಡಿಯ ಯಜಮಾನ ಓರಿನ್‌ಗೆ ತಲೆ ಎತ್ತಲಾಗಲಿಲ್ಲ. "ಸುಮ್ನಿರೋ ವರ್ನನ್. ನಮ್ಮನೆ ಅಂಗಳದ ಆ್ಯಶ್ ಮರ ಕಣಮ್ಮಾ. ಇನ್ನೂರು ಮೈಲಿಯಿಂದ ತಂದಿದೀನಿ. ದೂರದ ಸೌದೆ ತರಬಾರ್ದು ಅನ್ನೋ ನಿಯಮ ಗೊತ್ತಿತ್ತು. ಬರೆದಿರೋದು ನನ್ನ ಹೆಂಡ್ತಿ."

ಹುಳ ಬಿದ್ದ ಆ ಮರವನ್ನು ಹೋದ ಅಕ್ಟೋಬರಿನಲ್ಲಿ ಕಡಿಸಿದಾಗ, ಕಾಯಿಲೆ ಬಿದ್ದಿದ್ದ ಅವನ ಹೆಂಡತಿ ಲವೋನ್‌ಗೆ ಹಾಸಿಗೆಯಿಂದ ಕುರ್ಚಿಗೆ ಬರುವಷ್ಟೇ ಶಕ್ತಿ ಉಳಿದಿತ್ತು. ನಲವತ್ತು ಬೇಸಿಗೆ ಇಬ್ಬರೂ ಟೆಂಟು ಹಾಕಿದ್ದ ಒಂಬತ್ತು ಸರೋವರಗಳ ಹೆಸರನ್ನು ಒಂಬತ್ತು ಕೊರಡುಗಳ ಮೇಲೆ ಬರೆದು, "ಒಂದೊಂದು ದಡದಲ್ಲಿ ಒಂದೊಂದು ಉರಿಸು. ಅವಸರ ಮಾಡ್ಬೇಡ," ಎಂದಿದ್ದಳು. ಫೆಬ್ರವರಿಯಲ್ಲಿ ಹೊರಟೇಹೋದಳು. ಓರಿನ್ ಅವಸರ ಮಾಡಿರಲಿಲ್ಲ. ಅವಳ ತಮ್ಮ ವರ್ನನ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಲ್ಲುಗಾವಲಿನ ಹಳೇ ದಾರಿ ಹಿಡಿದಿದ್ದ. ಪಾಳುಬಿದ್ದ ಕೋಟೆ, ಮೊದಲು ಬಂದು ನೆಲೆಸಿದವರ ಮಣ್ಣಿನ ಮನೆ ಎಂದು ಚರಿತ್ರೆಯ ಫಲಕ ಕಂಡಲ್ಲೆಲ್ಲ ಗಾಡಿ ನಿಲ್ಲಿಸಿ, ಅವಳ ಹಾಗೆಯೇ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದುತ್ತ, ಮೂರನೇ ದಿನಕ್ಕೆ ಈ ಮೊದಲನೇ ಸರೋವರ ಮುಟ್ಟಿದ್ದ.

ಮಾರ್ಲಿಸ್ ಚಾಕುವಿನಿಂದ ತೊಗಟೆ ಎಬ್ಬಿಸಿದಳು. ಅಂಕುಡೊಂಕು ಸುರಂಗದೊಳಗೆ ಬಿಳೀ ಹುಳವೊಂದು ಮಿಸುಕಾಡಿತು. "ನೋಡಿ, ಇನ್ನೂ ಬದುಕಿದೆ. ಈ ದಡದಲ್ಲಿರೋ ಮರ ಎಲ್ಲಾ ಆ್ಯಶೇ. ಇದು ಒಂದು ಹೊರಗೆ ಬಂದ್ರೂ ಸಾಕು, ಅಷ್ಟನ್ನೂ ಮುಗಿಸುತ್ತೆ. ಈ ಸೌದೆ ಇಲ್ಲಿಂದ ಮುಂದಕ್ಕೆ ಹೋಗೋ ಹಾಗಿಲ್ಲ. ಕತ್ತಲಾಗೋದ್ರೊಳಗೆ ಸುಟ್ಟುಬಿಡಿ. ಇಲ್ದಿದ್ರೆ ನಾನು ಸುಡ್ಬೇಕಾಗುತ್ತೆ."

"ಒಂಬತ್ತೂನಾ?"

"ಒಂಬತ್ತೂ." ಆಕೆಯ ದನಿ ಇಳಿದಿತ್ತು.

ಆಕೆ ಅತ್ತ ಹೋದದ್ದೇ ತಡ ವರ್ನನ್ ಹತ್ತಿರ ಸರಿದ. "ಭಾವ, ಗಾಡಿ ಸ್ಟಾರ್ಟ್ ಮಾಡು, ಹೊರಟುಬಿಡೋಣ. ಅಕ್ಕನ ಕೊನೇ ಆಸೆ ಕಣೋ. ಹುಳಕ್ಕಿಂತ ಅಕ್ಕ ಹೆಚ್ಚಲ್ವಾ?"

ಓರಿನ್ ದಡದ ಮರಗಳನ್ನೇ ನೋಡುತ್ತ ನಿಂತ. ಹೊಸ ಎಲೆ ಈಗಷ್ಟೇ ಬಿಚ್ಚುತ್ತಿತ್ತು. "ಅವಳ ಮರ ತಿಂದ ಹುಳಾನ, ಅವಳ ಕೆರೆಗಳಿಗೆಲ್ಲ ನಾನೇ ಹಂಚ್ಕೊಂಡು ಬರ್ಲೇನೋ?"

ವರ್ನನ್ ಕೊರಡು ಇಳಿಸತೊಡಗಿದ. ಓರಿನ್ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಬೆರಳಿನಿಂದ ಒಮ್ಮೆ ಸವರಿ, ಬೆಂಕಿಗೆ ಕೊಟ್ಟ. ಒಂದು ಬೇಸಿಗೆಯಿಡೀ ಆಗಬೇಕಿದ್ದ ಬೀಳ್ಕೊಡುಗೆ ಒಂದೇ ಸಂಜೆಗೆ ಮುಗಿಯಿತು. ಕೊನೆಯ ಕೊರಡು ಹಾಕುವಾಗ ಅವನು ಮಕ್ಕಳ ಹಾಗೆ ಅತ್ತುಬಿಟ್ಟ. ಮುಂದೆ ಯಾವ ಸರೋವರಕ್ಕೆ ಹೋಗಿ ಏನು ಮಾಡುವುದಿತ್ತು? ಬೆಳಗಾದರೆ ಮನೆಗೆ ವಾಪಸ್ ಎಂದು ತೀರ್ಮಾನಿಸಿ ಮಲಗಿದ.

ಬೆಳಿಗ್ಗೆ ಅವನು ರಾತ್ರಿ ಮಲಗಿದ್ದ ಟ್ರೈಲರನ್ನು ಗಾಡಿಗೆ ಸಿಕ್ಕಿಸುತ್ತಿದ್ದಾಗ ಮಾರ್ಲಿಸ್ ಬಂದಳು. ಮೊಣಕೈವರೆಗೂ ಬೂದಿ ಮೆತ್ತಿತ್ತು. ಮುಚ್ಚಳ ಬಿಗಿದ ಕಾಫಿ ಡಬ್ಬಿಯೊಂದನ್ನು ಅವನ ಕೈಗಿಟ್ಟಳು.

"ಬೆಂಕಿ ಆರಿದ ಮೇಲೆ ಬೂದೀನ ಜರಡಿ ಹಿಡಿದೆ. ಬೂದಿಗೆ ಹುಳ ಬೀಳಲ್ಲ, ಯಜಮಾನ್ರೇ. ಇದನ್ನ ಯಾವ ಕೆರೆಗೆ ಬೇಕಾದ್ರೂ ತಗೊಂಡು ಹೋಗಿ. ಯಾರೂ ತಡೆಯಲ್ಲ."

ಓರಿನ್ ಗಾಡಿಯ ಮುಂದಿನ ಬಾಗಿಲು ತೆಗೆದು, ತನ್ನ ಪಕ್ಕದ ಸೀಟಿನ ಮೇಲೆ ಡಬ್ಬಿಯನ್ನಿಟ್ಟು, ಬೆಲ್ಟು ಎಳೆದು ಬಿಗಿದ.

ಹತ್ತಲು ಬಂದ ವರ್ನನ್ ಅದನ್ನು ನೋಡಿದ. ತಲೆಯ ಮೇಲಿನ ಟೋಪಿ ತೆಗೆದು, ಹಿಂದಿನ ಸೀಟಿಗೆ ಹೋಗಿ ಕೂತ.